ಮನೆಮಂದಿ ಜೊತೆ ಐರ್ಲೆಂಡ್ ಹಳ್ಳಿಗಾಡು ಸುತ್ತುವುದು ಹೇಗೆ? ಏಳು ದಿನದ ಕಾರ್ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ನಮ್ಮ ಡಬ್ಲಿನ್ ಮನೆಗೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಫೋನ್ ಶುರುವಾಗುತ್ತದೆ. "ಮೇ ತಿಂಗಳಲ್ಲಿ ಬರ್ತಿದ್ದೀವಿ, ಪ್ಲಾನ್ ರೆಡಿ ಇದೆ, ಒಂದ್ಸಲ ನೋಡಿ." ನೋಡಿದರೆ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಪ್ಲಾನ್. ಮೊದಲ ದಿನ ಡಬ್ಲಿನ್, ಎರಡನೇ ದಿನ ಬೆಲ್‌ಫಾಸ್ಟ್, ಮೂರನೇ ದಿನ ಗಾಲ್ವೇ, ನಾಲ್ಕನೇ ದಿನ ಮೊಹರ್ ಕಡಲ ಬಂಡೆ ನೋಡಿಕೊಂಡು ಕಿಲಾರ್ನಿ, ಐದನೇ ದಿನ ಕಾರ್ಕ್ ಮುಗಿಸಿ ವಾಪಸ್. ಮೂರನೇ ದಿನದ ಸಂಜೆಗೆ ಹಿಂದಿನ ಸೀಟಿನಲ್ಲಿ ಮಗು ವಾಂತಿ ಮಾಡಿಕೊಂಡಿರುತ್ತದೆ, ಅಜ್ಜಿಗೆ ಸೊಂಟ ಹಿಡಿದಿರುತ್ತದೆ, ಕಾರಿನ ಎಡಗಡೆ ಕನ್ನಡಿ ಒಡೆದಿರುತ್ತದೆ.

ಈ ಮೂರಕ್ಕೂ ಕಾರಣ ಒಂದೇ: ಜಾಸ್ತಿ ಜಾಗ, ಕಡಿಮೆ ದಿನ, ಇಕ್ಕಟ್ಟಾದ ರಸ್ತೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ದುಡ್ಡು ಹೋಗುತ್ತದೆ. ವೀಸಾಕ್ಕೆ ಮುಂಚೆ ರೂಮಿಗೆ ದುಡ್ಡು ಕಟ್ಟಿ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

## ಹಂತ 1: ನಕ್ಷೆಯಲ್ಲಿ ಅರ್ಧ ಅಳಿಸಿ

ನಕ್ಷೆಯಲ್ಲಿ ಐರ್ಲೆಂಡ್ ಚಿಕ್ಕದಾಗಿ ಕಾಣುತ್ತದೆ. ಡಬ್ಲಿನ್‌ನಿಂದ ಗಾಲ್ವೇಗೆ ಸುಮಾರು 210 ಕಿಲೋಮೀಟರ್, ಎರಡೂವರೆ ಗಂಟೆ. ಇಡೀ ದೇಶವೇ ಹೀಗೆ ಅಂದುಕೊಂಡರೆ ಕೆಟ್ಟಿರಿ. ಅದು ಮೋಟರ್‌ವೇ. ನೀವು ನೋಡಬೇಕೆಂದಿರುವ ಹಳ್ಳಿಗಾಡು ಇರುವುದು ಮೋಟರ್‌ವೇ ಮುಗಿದ ಮೇಲೆ. ನೈಋತ್ಯದ ಕೆರಿ ಕೌಂಟಿಯ ರಿಂಗ್ ಆಫ್ ಕೆರಿ ಸುತ್ತು 179 ಕಿಲೋಮೀಟರ್ ಅಷ್ಟೇ. ಆದರೆ ಅಲ್ಲಲ್ಲಿ ಇಳಿದು, ಊಟ ಮಾಡಿ, ಬಸ್ಸಿನ ಹಿಂದೆ ತೆವಳಿ ಬರುವಷ್ಟರಲ್ಲಿ ದಿನ ಪೂರ್ತಿ ಹೋಗುತ್ತದೆ.

ಲೆಕ್ಕ ಹೀಗೆ ಹಾಕಿ. ಫೋನ್ ತೋರಿಸುವ ಸಮಯಕ್ಕೆ ಮೂರನೇ ಒಂದು ಭಾಗ ಸೇರಿಸಿ. ಫೋನಿನ ಲೆಕ್ಕದಲ್ಲಿ ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಓಡಿಸಬೇಡಿ. ಊರು ಬದಲಿಸುವ ದಿನ ಮಾತ್ರ ಸ್ವಲ್ಪ ಜಾಸ್ತಿ ಆಗಬಹುದು.

ಏಳು ದಿನ ಇದ್ದರೆ ಎರಡೇ ಎರಡು ಕಡೆ ತಂಗಿ: ಗಾಲ್ವೇ ಹತ್ತಿರ ಮೂರು ರಾತ್ರಿ, ಕಿಲಾರ್ನಿಯಲ್ಲಿ ಮೂರು ರಾತ್ರಿ. ಉತ್ತರದ ಜೈಂಟ್ಸ್ ಕಾಸ್‌ವೇ, ಡಾನಿಗಾಲ್, ಕಾರ್ಕ್ ಎಲ್ಲವನ್ನೂ ಈ ಸಲಕ್ಕೆ ಬಿಟ್ಟುಬಿಡಿ. ಬಿಡುವುದು ಕಷ್ಟ, ಗೊತ್ತು. ಅಷ್ಟು ದೂರದಿಂದ ಬಂದಿರುತ್ತೀರಿ ಅಲ್ವಾ. ಆದರೆ ನಾಲ್ಕು ಜಾಗ ನೆಮ್ಮದಿಯಾಗಿ ನೋಡಿದವರು ಖುಷಿಯಾಗಿ ವಾಪಸಾಗುತ್ತಾರೆ. ಹನ್ನೆರಡು ಜಾಗ ಓಡಿಸಿಕೊಂಡು ನೋಡಿದವರು ನಮ್ಮ ಮನೆಗೆ ಬಂದು ಮಲಗಿಬಿಡುತ್ತಾರೆ.

ಪ್ಲಾನ್ ಕೆಟ್ಟಿದೆ ಅನ್ನುವುದಕ್ಕೆ ಗುರುತು: ದಿನಕ್ಕೊಂದು ಹೋಟೆಲ್ ಇದೆ, ಅಥವಾ ಒಂದೇ ದಿನದ ಸಾಲಿನಲ್ಲಿ "ದಾರಿಯಲ್ಲಿ ನೋಡಿಕೊಂಡು" ಅಂತ ಎರಡು ಸಲ ಬರೆದಿದ್ದೀರಿ.

## ಹಂತ 2: ತಿಂಗಳು ಆರಿಸಿ

ನಮ್ಮ ಮಕ್ಕಳ ಬೇಸಿಗೆ ರಜೆಗೆ ಮೇ ತಿಂಗಳು ಚೆನ್ನಾಗಿ ಹೊಂದುತ್ತದೆ. ತಿಂಗಳ ಕೊನೆಗೆ ರಾತ್ರಿ ಒಂಬತ್ತೂವರೆಯ ತನಕ ಬೆಳಕಿರುತ್ತದೆ. ಮೊಹರ್ ಬಂಡೆಗಳಲ್ಲಿ ಪಫಿನ್ ಹಕ್ಕಿ ಕಾಣುವ ಕಾಲವೂ ಇದೇ. ದಸರಾ ರಜೆಗೆ ಬರುವವರು ಸಂಜೆ ಆರೂವರೆಗೆಲ್ಲ ಕತ್ತಲಾಗುತ್ತದೆ ಅನ್ನುವುದು ನೆನಪಿಡಿ. ಡಿಸೆಂಬರ್ ಬೇಡವೇ ಬೇಡ. ಸಂಜೆ ನಾಲ್ಕು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಹಳ್ಳಿ ರಸ್ತೆಗೆ ದೀಪ ಇರುವುದಿಲ್ಲ.

## ಹಂತ 3: ಮೊದಲು ವೀಸಾ, ಆಮೇಲೆ ಉಳಿದದ್ದು

ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದೆ, ಆದರೆ ಒಂದೇ ವೀಸಾದಲ್ಲಿ ಸುತ್ತಲು ಬಿಡುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್‌ನಲ್ಲಿ ಇಲ್ಲ. ಫ್ರಾನ್ಸ್, ಜರ್ಮನಿಯ ವೀಸಾ ಇಲ್ಲಿ ನಡೆಯುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಐರ್ಲೆಂಡಿನದೇ ಪ್ರವಾಸಿ ವೀಸಾ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಆ ಬಾಗಿಲು ತೆರೆದ ವಾರವೇ ಹಾಕಿಬಿಡಿ. ವೀಸಾ ಕೈಗೆ ಬರುವ ತನಕ ರದ್ದು ಮಾಡಬಹುದಾದ ರೂಮು, ರದ್ದು ಮಾಡಬಹುದಾದ ಕಾರು ಮಾತ್ರ ಬುಕ್ ಮಾಡಿ.

ಇನ್ನೊಂದು ವಿಷಯದಲ್ಲಿ ತುಂಬ ಜನ ಎಡವುತ್ತಾರೆ. ಬೆಲ್‌ಫಾಸ್ಟ್, ಜೈಂಟ್ಸ್ ಕಾಸ್‌ವೇ ಇರುವ ಉತ್ತರ ಐರ್ಲೆಂಡ್ ಬ್ರಿಟನ್‌ಗೆ ಸೇರಿದ್ದು. ಗಡಿಯಲ್ಲಿ ಗೇಟೂ ಇಲ್ಲ, ಪೊಲೀಸರೂ ಇಲ್ಲ. ಫಲಕದಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬಂದಾಗಲೇ ದೇಶ ಬದಲಾಗಿದ್ದು ಗೊತ್ತಾಗುವುದು. ಯಾರೂ ತಡೆಯಲಿಲ್ಲ ಅಂದರೆ ಕಾನೂನು ಒಪ್ಪಿತು ಅಂತ ಅಲ್ಲ. ಆ ಕಡೆ ಹೋಗಲು ಬ್ರಿಟನ್ ವೀಸಾ ಬೇಕು, ಅಥವಾ ನಿಮ್ಮ ಐರ್ಲೆಂಡ್ ವೀಸಾ ಮೇಲೆ "ಬಿಐವಿಎಸ್" (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಅನ್ನುವ ಗುರುತಿರಬೇಕು. ಆ ಗುರುತಿದ್ದರೂ ವೀಸಾ ಕೊಟ್ಟ ದೇಶಕ್ಕೇ ಮೊದಲು ಬಂದಿಳಿಯಬೇಕು.

ಭಾರತದಿಂದ ಡಬ್ಲಿನ್‌ಗೆ ನೇರ ವಿಮಾನ ಇಲ್ಲ. ಅಪ್ಪ ಅಮ್ಮ ಜೊತೆಗಿದ್ದರೆ ದುಬೈ, ಅಬುಧಾಬಿ ಅಥವಾ ದೋಹಾ ಮೂಲಕ ಬನ್ನಿ.

## ಹಂತ 4: ಕಾರು ಬುಕ್ ಮಾಡಿ

ಇಡೀ ಪ್ರವಾಸದ ಖರ್ಚು, ಸುಖ, ಜಗಳ ಎಲ್ಲ ಇಲ್ಲೇ ತೀರ್ಮಾನವಾಗುತ್ತದೆ. ಒಂದೊಂದಾಗಿ ನೋಡಿ.

ಗೇರ್. ಬಾಡಿಗೆಗೆ ಸುಮ್ನೆ "ಕಾರು" ಅಂತ ಕೇಳಿದರೆ ಗೇರಿನ ಕಾರೇ ಸಿಗುತ್ತದೆ. ಆಟೊಮ್ಯಾಟಿಕ್ ಕಡಿಮೆ, ಬೆಲೆಯೂ ಜಾಸ್ತಿ. ಮನೆಯಲ್ಲಿ ಆಟೊಮ್ಯಾಟಿಕ್ ಓಡಿಸುವವರು ಆ ಪದ ನೋಡಿಯೇ ಬುಕ್ ಮಾಡಿ, ಬೇಗ ಮಾಡಿ.

ಅಳತೆ. ಆರು ಜನಕ್ಕೆ ಏಳು ಸೀಟಿನ ಕಾರು ಸಾಕು ಅಂದುಕೊಳ್ಳುತ್ತಾರೆ. ಮೂರನೇ ಸಾಲಿನ ಸೀಟು ಎತ್ತಿದರೆ ಡಿಕ್ಕಿಯಲ್ಲಿ ಎರಡು ಕೈಚೀಲ ಹಿಡಿಸಿದರೆ ಹೆಚ್ಚು. ಒಂಬತ್ತು ಸೀಟಿನ ವ್ಯಾನ್ ತೆಗೆದುಕೊಂಡರೆ ಹಳ್ಳಿ ರಸ್ತೆಯಲ್ಲಿ ಉಸಿರು ಕಟ್ಟುತ್ತದೆ. ದೊಡ್ಡ ಪೆಟ್ಟಿಗೆಗಳನ್ನು ಡಬ್ಲಿನ್‌ನಲ್ಲೇ ಬಿಟ್ಟು, ಒಬ್ಬರಿಗೊಂದು ಮೆತ್ತನೆ ಬ್ಯಾಗ್ ತೆಗೆದುಕೊಂಡು ಹೊರಡುವುದೇ ಸರಿಯಾದ ದಾರಿ. ಮೆತ್ತನೆ ಬ್ಯಾಗನ್ನು ಸಂದಿಗೊಂದಿಯಲ್ಲಿ ತುರುಕಬಹುದು.

ಲೈಸೆನ್ಸ್. ಪ್ರವಾಸಿಗರು ಭಾರತದ ಲೈಸೆನ್ಸ್‌ನಲ್ಲಿ ಓಡಿಸಬಹುದು. ಆದರೂ ಹೊರಡುವ ಮುಂಚೆ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಅದು ಒಂದು ವರ್ಷ ನಡೆಯುತ್ತದೆ. ಬಾಡಿಗೆ ಕೌಂಟರಿನಲ್ಲಿ ವಾದ ಮಾಡುವುದು ತಪ್ಪುತ್ತದೆ. ಇಬ್ಬರು ಡ್ರೈವರ್ ಹೆಸರು ಹಾಕಿಸಿ. ಒಬ್ಬರೇ ಏಳು ದಿನ ಓಡಿಸಿದರೆ ಅವರು ಏನನ್ನೂ ನೋಡಿರುವುದಿಲ್ಲ.

ಕಾರ್ಡ್. ಡ್ರೈವರ್ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಡೆಪಾಸಿಟ್ ಎಂದು ದೊಡ್ಡ ಮೊತ್ತ ತಡೆಹಿಡಿಯುತ್ತಾರೆ. ಮಗ ಓಡಿಸುವುದು, ಕಾರ್ಡ್ ಅಪ್ಪನದು ಅಂದರೆ ಕೀಲಿ ಕೊಡದೇ ಇರಬಹುದು.

ವಿಮೆ. ಕಾರಿನ ಜೊತೆ ಬರುವ ವಿಮೆಯಲ್ಲಿ "ಎಕ್ಸೆಸ್" ಅಂತ ಒಂದು ಮೊತ್ತ ಇರುತ್ತದೆ. ಏನಾದರೂ ಡ್ಯಾಮೇಜ್ ಆದರೆ ಅಷ್ಟರ ತನಕ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಟೈರು, ಗಾಜು, ಕನ್ನಡಿ ಸೇರಿದೆಯಾ ಅಂತ ಓದಿ ನೋಡಿ. ಹಳ್ಳಿ ರಸ್ತೆಯಲ್ಲಿ ಹಾಳಾಗುವುದು ಆ ಮೂರೇ.

ಮಕ್ಕಳ ಸೀಟು. 150 ಸೆಂಟಿಮೀಟರ್ ಎತ್ತರಕ್ಕಿಂತ ಕಡಿಮೆ, 36 ಕಿಲೋಗಿಂತ ಹಗುರ ಇರುವ ಮಕ್ಕಳಿಗೆ ತಕ್ಕ ಸೀಟು ಕಡ್ಡಾಯ. ತೊಡೆ ಮೇಲೆ ಕೂರಿಸಿಕೊಳ್ಳುವ ಹಾಗಿಲ್ಲ. ಬುಕ್ ಮಾಡುವಾಗಲೇ ಮಗುವಿನ ಎತ್ತರ, ತೂಕ ಹೇಳಿ.

## ಹಂತ 5: ಮನೆ, ಟಿಕೆಟ್

ಹೋಟೆಲ್‌ಗಿಂತ ಅಡುಗೆಮನೆ ಇರುವ ಬಾಡಿಗೆ ಮನೆ ನಮಗೆ ಒಳ್ಳೆಯದು. ಅನ್ನ, ತಿಳಿಸಾರು ಮಾಡಿಕೊಂಡರೆ ಹಿರಿಯರ ಅರ್ಧ ದಣಿವು ಹೋಗುತ್ತದೆ. ಮನೆ ನೋಡುವಾಗ ಮೂರು ಪ್ರಶ್ನೆ ಕೇಳಿ: ಕೆಳಮಹಡಿಯಲ್ಲಿ ಮಲಗುವ ಕೋಣೆ ಇದೆಯಾ? ಅದರ ಪಕ್ಕ ಬಚ್ಚಲಿದೆಯಾ? ಏರ್‌ಕೋಡ್ ಏನು?

ಏರ್‌ಕೋಡ್ ಅಂದರೆ ಇಲ್ಲಿಯ ಪ್ರತಿ ಮನೆಗೂ ಬೇರೆಬೇರೆಯಾಗಿರುವ ಏಳು ಅಕ್ಷರದ ಗುರುತು. ಹಳ್ಳಿಗಳಲ್ಲಿ ಮನೆ ನಂಬರ್, ಬೀದಿ ಹೆಸರು ಇರುವುದೇ ಅಪರೂಪ. ಊರಿನ ಹೆಸರು ಹಾಕಿ ಹೊರಟರೆ ಫೋನ್ ನಿಮ್ಮನ್ನು ಯಾವುದೋ ಹೊಲದ ಗೇಟಿಗೆ ಕರೆದುಕೊಂಡು ಹೋಗುತ್ತದೆ. ಏರ್‌ಕೋಡ್ ಹಾಕಿದರೆ ಬಾಗಿಲಿಗೇ ತಲುಪುತ್ತೀರಿ. ತಂಗುವ ಎರಡೂ ಮನೆಗಳ ಏರ್‌ಕೋಡನ್ನು ಒಂದು ಕಾಗದದ ಮೇಲೆ ಬರೆದು ಕಾರಿನಲ್ಲಿಡಿ.

ಮೊಹರ್ ಬಂಡೆಗಳ ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆ ತೆಗೆದುಕೊಳ್ಳಿ, ಪಾರ್ಕಿಂಗ್ ಅದರಲ್ಲೇ ಸೇರಿದೆ. ಸ್ಕೆಲಿಗ್ ಮೈಕಲ್ ದ್ವೀಪದ ಬಗ್ಗೆ ತುಂಬ ಜನ ಕೇಳುತ್ತಾರೆ. ಕಂಬಿಯಿಲ್ಲದ 618 ಕಲ್ಲು ಮೆಟ್ಟಿಲು, ಮೇಲಾಗಿ ಅಲೆ ಎದ್ದರೆ ದೋಣಿ ರದ್ದು. ಮಕ್ಕಳು, ಹಿರಿಯರು ಜೊತೆಗಿದ್ದರೆ ಬೇಡ.

## ಹಂತ 6: ಚೀಲದಲ್ಲಿ ಏನಿರಬೇಕು

- ಚೌಕ ಕಡ್ಡಿಯ ಮೂರು ಪಿನ್ ಪ್ಲಗ್ ಅಡಾಪ್ಟರ್, ಕನಿಷ್ಠ ಎರಡು
- ಕಾರಿನ ಫೋನ್ ಸ್ಟ್ಯಾಂಡ್, ಚಾರ್ಜರ್
- ಟೊಪ್ಪಿ ಇರುವ ಮಳೆ ಜಾಕೆಟ್, ಒಬ್ಬರಿಗೊಂದು
- ಹಿಡಿತ ಇರುವ ಶೂ
- ವಾಂತಿ ಮಾತ್ರೆ, ಕವರ್, ಒದ್ದೆ ಟಿಶ್ಯೂ
- ಒಂದು ಫ್ಲಾಸ್ಕ್

ಕೊಡೆ ತರಬೇಡಿ. ಕಡಲ ಗಾಳಿಗೆ ಎರಡೇ ನಿಮಿಷದಲ್ಲಿ ಉಲ್ಟಾ ಆಗುತ್ತದೆ. ಸೀರೆ ಉಡುವ ಹಿರಿಯರಿಗೆ ಒಳಗೆ ಥರ್ಮಲ್ ಪ್ಯಾಂಟ್, ಮೇಲೆ ಉದ್ದನೆಯ ಮಳೆ ಕೋಟು ಸರಿಹೋಗುತ್ತದೆ. ನನ್ನ ಅತ್ತೆ ಹೀಗೇ ಮೊಹರ್ ಗಾಳಿಯಲ್ಲಿ ಒಂದು ಗಂಟೆ ಆರಾಮಾಗಿ ನಡೆದರು.

ಊರಿಂದ ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಮಿಕ್ಸ್ ತನ್ನಿ. ತುಪ್ಪ, ಪೇಡ, ಕೋವಾ ತರಬೇಡಿ. ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ, ಸಿಕ್ಕರೆ ಕಿತ್ತುಕೊಳ್ಳುತ್ತಾರೆ.

ಹಳ್ಳಿ ಹೋಟೆಲಲ್ಲಿ ಸಸ್ಯಾಹಾರಿಗಳು "ವೆಜಿಟೆಬಲ್ ಸೂಪ್" ಅಂತ ನಂಬಿ ತಿನ್ನಬೇಡಿ. ಕೋಳಿ ಬೇಯಿಸಿದ ನೀರು ಹಾಕಿದ್ದೀರಾ ಅಂತ ಕೇಳಿ, ಅವರು ಬೇಸರಪಡದೆ ಒಳಗೆ ಹೋಗಿ ವಿಚಾರಿಸಿ ಬಂದು ಹೇಳುತ್ತಾರೆ. ರಾತ್ರಿ ಊಟವನ್ನು ಬೇಗ ಮಾಡಿ. ಅಡುಗೆಮನೆ ಎಂಟೂವರೆ, ಒಂಬತ್ತಕ್ಕೆಲ್ಲ ಮುಚ್ಚುತ್ತದೆ. ಪಬ್‌ನಲ್ಲಿ 18 ವರ್ಷದೊಳಗಿನ ಮಕ್ಕಳು ರಾತ್ರಿ 9ರ ಮೇಲೆ, ಮೇಯಿಂದ ಸೆಪ್ಟೆಂಬರ್ ತನಕ 10ರ ಮೇಲೆ, ಇರುವ ಹಾಗಿಲ್ಲ.

## ಹಂತ 7: ಕಾರು ಕೈಗೆ ಬಂದ ಮೊದಲ ಗಂಟೆ

ವಿಮಾನ ಇಳಿದ ದಿನ ಕಾರು ತೆಗೆದುಕೊಳ್ಳಬೇಡಿ. ಡಬ್ಲಿನ್‌ನಲ್ಲಿ ಒಂದು ರಾತ್ರಿ ಮಲಗಿ. ನಿದ್ದೆಗಣ್ಣಿನಲ್ಲಿ ಮೋಟರ್‌ವೇಗೆ ಇಳಿಯುವುದು ಮನೆಮಂದಿಯ ಜೀವದ ಜೊತೆ ಆಟ.

1. ಕಾರಿನ ಸುತ್ತ ನಿಧಾನವಾಗಿ ವಿಡಿಯೊ ಮಾಡಿ. ನಾಲ್ಕೂ ಚಕ್ರದ ಅಂಚು, ಎರಡೂ ಕನ್ನಡಿ, ಗಾಜು, ಕೆಳಗಿನ ಬಂಪರ್. ಗೀರು ಕಂಡರೆ ಚೀಟಿಯಲ್ಲಿ ಬರೆಸಿ.
2. ಎಂ50 ಟೋಲ್ ಬಗ್ಗೆ ಕೇಳಿ. ಡಬ್ಲಿನ್ ಸುತ್ತಿನ ಈ ರಸ್ತೆಯಲ್ಲಿ ಟೋಲ್ ಗೇಟ್ ಇಲ್ಲ, ಕ್ಯಾಮೆರಾ ನಂಬರ್ ಓದುತ್ತದೆ. ಮರುದಿನ ರಾತ್ರಿ 8ರೊಳಗೆ ಕಟ್ಟಬೇಕು. ಕೆಲವು ಬಾಡಿಗೆ ಕಂಪನಿಗಳು ತಾವೇ ಕಟ್ಟಿ ಬಿಲ್ ಹಾಕುತ್ತವೆ, ಕೆಲವು ನಿಮಗೇ ಬಿಡುತ್ತವೆ.
3. ಪೆಟ್ರೋಲೋ ಡೀಸೆಲೋ ಕೇಳಿ, ಮುಚ್ಚಳದ ಫೋಟೊ ತೆಗೆಯಿರಿ. ಇಲ್ಲಿ ನೀವೇ ತುಂಬಿಸಬೇಕು. ಹಸಿರು ಹಿಡಿ ಪೆಟ್ರೋಲ್, ಕಪ್ಪು ಹಿಡಿ ಡೀಸೆಲ್. ತಪ್ಪು ತುಂಬಿಸಿದರೆ ಇಂಜಿನ್ ಚಾಲೂ ಮಾಡದೆ ಕಂಪನಿಗೆ ಫೋನ್ ಮಾಡಿ.
4. ಪಾರ್ಕಿಂಗ್ ಜಾಗದಲ್ಲೇ ಹತ್ತು ನಿಮಿಷ ಓಡಿಸಿ ನೋಡಿ. ವೈಪರ್, ದೀಪ, ಹಿಮ್ಮುಖ ಗೇರ್ ಹುಡುಕಿಕೊಳ್ಳಿ.

## ಹಂತ 8: ಹಳ್ಳಿ ರಸ್ತೆಯಲ್ಲಿ ಓಡಿಸುವುದು

ಇಲ್ಲೂ ಎಡಗಡೆಯೇ ಓಡಿಸುವುದು, ಹಾಗಾಗಿ ನಮ್ಮವರಿಗೆ ಧೈರ್ಯ ಜಾಸ್ತಿ. ತಪ್ಪಾಗುವುದೂ ಅದರಿಂದಲೇ.

ಎದುರಿಂದ ಟ್ರ್ಯಾಕ್ಟರ್ ಬಂದರೆ ನಾವು ತಟ್ಟನೆ ಎಡಕ್ಕೆ ಒತ್ತುತ್ತೇವೆ. ನಮ್ಮೂರಲ್ಲಿ ಎಡಕ್ಕೆ ಮಣ್ಣಿನ ಅಂಚಿರುತ್ತದೆ, ಚಕ್ರ ಇಳಿಸಬಹುದು. ಇಲ್ಲಿ ಇರುವುದು ಬೇಲಿ. ಕೆರಿಯಲ್ಲಿ ಆ ಬೇಲಿ ತುಂಬ ಕೆಂಪು ಫ್ಯೂಷಿಯಾ ಹೂವು, ಲೋಲಕದ ಹಾಗೆ ತೂಗುತ್ತಿರುತ್ತದೆ. ನಾನು ಮೊದಲ ಸಲ ಅಪ್ಪನನ್ನು ಎಡಗಡೆ ಕೂರಿಸಿಕೊಂಡು ಹೋಗುವಾಗ ಹೂವು ತಾನೇ ಅಂತ ಹತ್ತಿರ ಒತ್ತಿದೆ. ಎಲೆ ಕಿಟಕಿಗೆ ಸವರುವ ಸದ್ದು ಬಂತು, ಹಿಂದೆಯೇ ಕಲ್ಲಿಗೆ ಲೋಹ ಉಜ್ಜುವ ಸದ್ದು. ಕನ್ನಡಿ ಮಡಚಿ ಅಪ್ಪನ ಕಿಟಕಿಗೆ ಬಡಿಯಿತು. ಇಳಿದು ಹೂವು ಸರಿಸಿ ನೋಡಿದರೆ ಒಳಗೆ ಪಾಚಿ ಹಿಡಿದ ಕಲ್ಲಿನ ಗೋಡೆ. ಆವತ್ತಿನಿಂದ ನನ್ನ ನಿಯಮ ಒಂದೇ: ಹೂವಿನ ಹಿಂದೆ ಕಲ್ಲಿದೆ ಅಂತಲೇ ತಿಳಿಯಬೇಕು. ಎಡಕ್ಕೆ ಒತ್ತುವ ಬದಲು ನಿಂತುಬಿಡಿ. ಅಗಲವಾದ ಜಾಗ ಹಿಂದೆ ಇದ್ದರೆ ರಿವರ್ಸ್ ತೆಗೆದುಕೊಳ್ಳಿ. ಎದುರಿನವರು ಸ್ಟೇರಿಂಗ್‌ನಿಂದ ಒಂದು ಬೆರಳು ಎತ್ತುತ್ತಾರೆ. ಅದು ಥ್ಯಾಂಕ್ಸ್, ನೀವೂ ಎತ್ತಿ.

ಎರಡನೇ ತಪ್ಪು ಹೆಡ್‌ಲೈಟಿನದು. ನಮ್ಮಲ್ಲಿ ಲೈಟ್ ಮಿಣುಕಿಸಿದರೆ "ನಾನು ಬರ್ತಿದ್ದೀನಿ, ನಿಲ್ಲು" ಅಂತ. ಇಲ್ಲಿ ಸಾಮಾನ್ಯವಾಗಿ "ನೀವು ಹೋಗಿ" ಅಂತ. ಎರಡೂ ಕಡೆಯವರು ತಪ್ಪು ತಿಳಿದರೆ ಎದುರಾಎದುರು ಬರುತ್ತೀರಿ. ನೀವು ಮಿಣುಕಿಸಲೇಬೇಡಿ. ಹಾರ್ನ್ ಕೂಡ ಬೇಡ.

ರಸ್ತೆಯ ಅಕ್ಷರ ನೋಡಿ ವೇಗ ಇಟ್ಟುಕೊಳ್ಳಿ. ಎಂ ಅಂದರೆ ಮೋಟರ್‌ವೇ, 120. ಎನ್ ಅಂದರೆ ರಾಷ್ಟ್ರೀಯ ರಸ್ತೆ, ಸಾಮಾನ್ಯವಾಗಿ 100. ಎಲ್ ಅಂದರೆ ಹಳ್ಳಿ ರಸ್ತೆ, 2025ರ ಫೆಬ್ರವರಿಯಿಂದ ಅದಕ್ಕೆ 80 ಇದ್ದದ್ದು 60 ಆಗಿದೆ. ಇದು ಮಿತಿ ಅಷ್ಟೇ, ಅಷ್ಟು ಓಡಿಸಲೇಬೇಕು ಅಂತಿಲ್ಲ. ಹಿಂದೆ ಸ್ಥಳೀಯರ ಕಾರು ಸಾಲುಗಟ್ಟಿದರೆ ಅಗಲವಾದ ಕಡೆ ಎಡಕ್ಕೆ ನಿಲ್ಲಿಸಿ ಅವರನ್ನು ಬಿಡಿ.

ಐರಿಷ್ ಮಾತಾಡುವ ಪ್ರದೇಶಗಳಲ್ಲಿ ಫಲಕ ಐರಿಷ್‌ನಲ್ಲಿ ಮಾತ್ರ ಇರುತ್ತದೆ. ಗಾಲ್ವೇ ಅಲ್ಲಿ "ಗಾಲಿವ್" ಆಗುತ್ತದೆ, ಕ್ಲಿಫ್ಡನ್ "ಅನ್ ಕ್ಲೊಖಾನ್" ಆಗುತ್ತದೆ. ನೀವು ಹೋಗುವ ಊರುಗಳ ಐರಿಷ್ ಹೆಸರನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬೆಟ್ಟಗಳ ನಡುವೆ ಫೋನ್ ಸಿಗ್ನಲ್ ಹೋಗುತ್ತದೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಿ.

ಕುರಿ ಅಡ್ಡ ಬಂದರೆ ಕಾಯಿರಿ. ತಾಯಿ ದಾಟಿದ ಮೇಲೆ ಮರಿ ಓಡಿ ಬರುತ್ತದೆ, ಅದು ಬರುವ ತನಕ ಹೊರಡಬೇಡಿ.

ನಿಲ್ಲಿಸಬೇಕಾದ ಸೂಚನೆ: ಡ್ರೈವರ್ ಹೆಗಲು ಕಿವಿಗೆ ಏರಿದೆ, ಮಾತು ನಿಂತಿದೆ. ಅಥವಾ ಹಿಂದಿನ ಸೀಟಿನ ಮಗು ಸುಮ್ಮನಾಗಿ ಬಿಳಿಚಿಕೊಂಡಿದೆ. ಮುಂದಿನ ಊರಿನಲ್ಲಿ ಇಳಿದು ಹದಿನೈದು ನಿಮಿಷ ನಡೆಯಿರಿ.

## ಹಂತ 9: ದಿನದಿನದ ದಾರಿ

ದಿನ 1. ಡಬ್ಲಿನ್‌ನಿಂದ ಗಾಲ್ವೇ ದಕ್ಷಿಣದ ಕಿನ್ವಾರಾ. ನಡುದಾರಿಯ ಅತ್‌ಲೋನ್‌ನಲ್ಲಿ ಶ್ಯಾನನ್ ನದಿ ದಡದಲ್ಲಿ ಊಟ. ಗಾಲ್ವೇ ಊರೊಳಗೆ ತಂಗಬೇಡಿ, ಬೆಳಿಗ್ಗೆ ಸಂಜೆ ಟ್ರಾಫಿಕ್ ಜಾಸ್ತಿ.

ದಿನ 2. ಗಾಲ್ವೇ ಪಶ್ಚಿಮದ ಬೆಟ್ಟಗಾಡು ಕೊನೆಮಾರಾ ಸುತ್ತು. ಎನ್59ರಲ್ಲಿ ಊಟರಾರ್ಡ್ ದಾಟಿ ರೀಸೆಸ್, ಅಲ್ಲಿಂದ ಆರ್344 (ಆರ್ ಅಂದರೆ ಪ್ರಾದೇಶಿಕ ರಸ್ತೆ) ಹಿಡಿದು ಇನಾ ಕಣಿವೆ, ಕೈಲ್‌ಮೋರ್ ಆಬಿ, ಆಮೇಲೆ ಲೀನಾನ್, ಆರ್336ರಲ್ಲಿ ವಾಪಸ್. ಬೆಳಿಗ್ಗೆ ಎಂಟಕ್ಕೇ ಗಾಲ್ವೇ ದಾಟಿರಬೇಕು.

ದಿನ 3. ಬರೆನ್, ಮೊಹರ್. ಇಲ್ಲಿ ಕ್ರಮವೇ ಎಲ್ಲ. ಡಬ್ಲಿನ್‌ನಿಂದ ಬರುವ ಟೂರ್ ಬಸ್ಸುಗಳು ಮೊಹರ್‌ಗೆ ಮಧ್ಯಾಹ್ನ ಮುತ್ತುತ್ತವೆ. ಅದಕ್ಕೇ ಬೆಳಿಗ್ಗೆ ಬರೆನ್‌ನ ಬೋಳು ಕಲ್ಲುಹಾಸು, ಪೋಲ್ನಾಬ್ರೋನ್ ಕಲ್ಮನೆ (ಪುರಾತನ ಕಲ್ಲಿನ ಗೋರಿ) ನೋಡಿ. ಊಟವಾದ ಮೇಲೆ ಬ್ಯಾಲಿವಾನ್‌ನಿಂದ ಕಡಲ ಪಕ್ಕದ ಆರ್477ರಲ್ಲಿ ಡೂಲಿನ್‌ಗೆ ಬನ್ನಿ. ನಾಲ್ಕರ ಮೇಲೆ ಮೊಹರ್ ತಲುಪಿ. ಬಂಡೆಗಳ ಅತಿ ಎತ್ತರ 214 ಮೀಟರ್. ಕಲ್ಲುಚಪ್ಪಡಿಯ ಗೋಡೆಯ ಆಚೆ ಹುಲ್ಲು ಸಮತಟ್ಟಾಗಿ ಕಾಣುತ್ತದೆ, ಜನ ಫೋಟೊಗೆಂದು ದಾಟುತ್ತಾರೆ. ಆ ಹುಲ್ಲಿನ ಕೆಳಗೆ ಮಣ್ಣು ಕೊರೆದಿರುತ್ತದೆ. ಇಲ್ಲಿ ಜೀವ ಹೋಗಿದೆ. ಮಕ್ಕಳ ಕೈ ಬಿಡಬೇಡಿ, ನೀವೂ ದಾಟಬೇಡಿ.

ದಿನ 4. ಕಿಲಾರ್ನಿಗೆ ಹೋಗುವ ದಿನ. ಎನಿಸ್ ಮೇಲಿಂದ ಕಿಲಿಮರ್‌ಗೆ ಹೋಗಿ, ಕಾರು ಸಮೇತ ದೋಣಿ ಹತ್ತಿ ಟಾರ್ಬರ್ಟ್‌ನಲ್ಲಿ ಇಳಿಯಿರಿ. ಇಪ್ಪತ್ತು ನಿಮಿಷದ ದೋಣಿ. ಲಿಮರಿಕ್ ರಸ್ತೆಗಿಂತ ಬೇಗ ಅಂತೇನಿಲ್ಲ, ಆದರೆ ಮಕ್ಕಳಿಗೆ ಅದೇ ದೊಡ್ಡ ಖುಷಿ, ಡ್ರೈವರ್‌ಗೆ ವಿರಾಮ.

ದಿನ 5. ಕಾರಿನ ಕೀಲಿ ಮನೆಯಲ್ಲೇ ಬಿಡಿ. ಕಿಲಾರ್ನಿ ರಾಷ್ಟ್ರೀಯ ಉದ್ಯಾನದಲ್ಲಿ ಕುದುರೆಗಾಡಿ ಹಿಡಿದು ಮಕ್ರಾಸ್ ತೋಟ, ಟಾರ್ಕ್ ಜಲಪಾತ ನೋಡಿ. ಹತ್ತುವ ಮುಂಚೆ ಬೆಲೆ, ಎಷ್ಟು ಹೊತ್ತು ಎರಡನ್ನೂ ಮಾತಾಡಿಕೊಳ್ಳಿ.

ದಿನ 6. ರಿಂಗ್ ಆಫ್ ಕೆರಿ ಅಥವಾ ಡಿಂಗಲ್ ಪರ್ಯಾಯ ದ್ವೀಪ, ಒಂದೇ ಒಂದು. ನನ್ನನ್ನು ಕೇಳಿದರೆ ಡಿಂಗಲ್. ಅಲ್ಲಿಯ ಸ್ಲೇ ಹೆಡ್ ಸುತ್ತು ಚಿಕ್ಕದು, ಹೆಜ್ಜೆಹೆಜ್ಜೆಗೂ ಕಡಲು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಹೋಗಿ, ಬಸ್ಸುಗಳೂ ಹಾಗೇ ಹೋಗುತ್ತವೆ, ಎದುರು ಸಿಗುವುದಿಲ್ಲ. ದಾರಿಯ ಇಂಚ್ ಕಡಲತೀರದಲ್ಲಿ ಕಾರನ್ನು ಮರಳಿಗೆ ಇಳಿಸಬೇಡಿ, ಹೂತುಕೊಂಡರೆ ಅಲೆ ಬರುತ್ತದೆ. ಕಾನರ್ ಪಾಸ್ ಘಾಟಿಯಲ್ಲಿ ಎರಡು ಟನ್‌ಗಿಂತ ಭಾರದ ವಾಹನಕ್ಕೆ ನಿಷೇಧ ಇದೆ, ದೊಡ್ಡ ಕಾರಿನವರು ಆ ಕಡೆ ಹೋಗಬೇಡಿ. ಹಟ ಹಿಡಿದು ರಿಂಗ್ ಆಫ್ ಕೆರಿಗೇ ಹೋಗುವುದಾದರೆ ಬಸ್ಸುಗಳ ಹಾಗೆ ಕಿಲೋರ್ಗ್ಲಿನ್ ಕಡೆಯಿಂದಲೇ ಶುರು ಮಾಡಿ, ಆದರೆ ಎಂಟಕ್ಕೆ ಮುಂಚೆ ಹೊರಡಿ.

ದಿನ 7. ಕ್ಯಾಶಲ್ ಮೂಲಕ ಡಬ್ಲಿನ್. ನಾಲ್ಕು ಗಂಟೆ ದಾರಿ, ಇದೊಂದೇ ಉದ್ದದ ದಿನ. ಕ್ಯಾಶಲ್ ಬಂಡೆಯ ಮೇಲಿನ ಹಳೆಯ ಕಟ್ಟಡ ಸರಿಯಾಗಿ ಅರ್ಧದಾರಿಗೆ ಸಿಗುತ್ತದೆ.

ಪ್ರತಿ ಬೆಳಿಗ್ಗೆ ಇಲ್ಲಿಯ ಹವಾಮಾನ ಇಲಾಖೆ ಮೆಟ್ ಏರನ್ ಕೊಡುವ ಮುನ್ಸೂಚನೆ ನೋಡಿ. ಹಳದಿ ಎಚ್ಚರಿಕೆ ಇದ್ದರೆ ನಿಧಾನ. ಗಾಳಿಗೆ ಕಿತ್ತಳೆ ಎಚ್ಚರಿಕೆ ಇದ್ದರೆ ಕಡಲ ಕಡೆ ಬೇಡ. ಕೆಂಪು ಇದ್ದರೆ ಮನೆಯಲ್ಲೇ ಇರಿ. ಬರೀ ಮಳೆಗೆ ಪ್ಲಾನ್ ಬದಲಿಸಬೇಡಿ, ಅರ್ಧ ಗಂಟೆಗೆ ಬಿಸಿಲು ಬರುತ್ತದೆ. ತುರ್ತು ಇದ್ದರೆ 112 ಅಥವಾ 999.

## ಹಂತ 10: ಕಾರು ವಾಪಸ್ ಕೊಡುವುದು

ಮುಚ್ಚುವ ಹೊತ್ತಿಗೆ ಓಡಬೇಡಿ, ಬೆಳಕಿರುವಾಗ ಹೋಗಿ. ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ರಸೀತಿ ಇಟ್ಟುಕೊಳ್ಳಿ. ಕೆಸರಾಗಿದ್ದರೆ ತೊಳೆಸಿ, ಕೆಸರಿನ ಕೆಳಗೆ ಗೀರು ಇದೆಯಾ ಅಂತ ನಿಮಗೂ ತಿಳಿಯುತ್ತದೆ. ಮೊದಲ ದಿನದ ಹಾಗೇ ಸುತ್ತ ವಿಡಿಯೊ ಮಾಡಿ. ಅವರ ಸಿಬ್ಬಂದಿ ನೋಡಿ "ಸರಿ ಇದೆ" ಅಂತ ಬರೆದುಕೊಟ್ಟ ಮೇಲೆ ಕೀಲಿ ಕೊಡಿ. ವಾಪಸ್ ಬರುವಾಗ ಎಂ50 ಟೋಲ್ ದಾಟಿದ್ದರೆ ಅದನ್ನು ಆವತ್ತೇ ಕಟ್ಟಿ. ಮರುದಿನ ವಿಮಾನದಲ್ಲಿರುತ್ತೀರಿ, ರಾತ್ರಿ 8 ಗಂಟೆ ದಾಟಿಹೋಗುತ್ತದೆ.